ಹಲಿಮಾಳ ಹೊಟ್ಟೆ ನನ್ನ ಜವಾಬ್ದಾರಿ

ವಸ್ತಾರೆ
೧೨ ಜನವರಿ ೨೦೨೫

ಹಲಿಮಾ,

ಮೊದಲು ಆಶೀರ್ವಾದ, ಅದರ ಹಿಂದೆಯೇ ಬೈಗುಳ. ಎರಡನ್ನೂ ಇಟ್ಟುಕೋ.

ಕುದುರೆಮುಖದ ಕ್ವಾರ್ಟರ್ಸಿನಲ್ಲಿ ಹದಿನೆಂಟು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ನಿನ್ನ ಮನೆಯಲ್ಲಿ ಒಗ್ಗರಣೆ ಹಾಕಿದರೆ ನನ್ನ ಮನೆಯಲ್ಲಿ ಸೀನು ಬರುತ್ತಿತ್ತು. ಅಂಥ ನನ್ನ ಹತ್ತಿರ, ಹೋದ ವರ್ಷದ ರಂಜಾನಿನಲ್ಲಿ ಆಸ್ಪತ್ರೆ ಸೇರಿದ್ದು ಬರೀ ಗ್ಯಾಸ್ಟ್ರಿಕ್ಕಿಗೆ ಅಂದೆ. ಹೊಟ್ಟೆಯಲ್ಲಿ ಹುಣ್ಣಾಗಿತ್ತು ಅಂತ ಈಗ ಬರೆಯುತ್ತೀಯ! ನಾನೇನು ಪರದೇಶದವಳಾ?

ಕಾಗದ ಓದಿ ಮುಗಿಸಿದವಳೇ ಫೋನು ತೆಗೆದೆ. 'ಫೋನು ಮಾಡಬೇಡಿ, ನೌಫಲ್ ಪಕ್ಕದಲ್ಲೇ ಕೂತಿರುತ್ತಾನೆ' ಅಂತ ನೀನು ಕೊನೆಯಲ್ಲಿ ಬರೆದದ್ದು ಆಮೇಲೆ ನೆನಪಾಗಿ ಇಟ್ಟೆ. ಮಗನಿಗೆ ಹೆದರಿ ಕಾಗದ ಬರೆಯುವ ತಾಯಿ ಈ ಕಾಲದಲ್ಲಿ ನೀನೊಬ್ಬಳೇ. ಇರಲಿ. ಅವನು ಹೇಳುವುದರಲ್ಲಿ ತಪ್ಪಿಲ್ಲ. ತಂದೆ ಹೋಗಿ ಆರು ತಿಂಗಳಾಗಿದೆ, ತಾಯಿಯನ್ನೂ ಆಸ್ಪತ್ರೆಗೆ ಹೊರುವ ಶಕ್ತಿ ಅವನಿಗಿಲ್ಲ. ಅದಕ್ಕೇ ಈ ಸಲ ನೋಂಬು ಬೇಡ, ಉಪವಾಸ ಬೇಡ ಅನ್ನುತ್ತಾನೆ.

ಆದರೆ ನೀನು ಕೇಳಿದ್ದು ಮಗನ ಮಾತು ಸರಿಯೋ ತಪ್ಪೋ ಅಂತ ಅಲ್ಲ. 'ಈ ರಂಜಾನಿನ ಅಷ್ಟೂ ನೋಂಬು ಹಿಡಿಯಬೇಕು, ಹೊಟ್ಟೆ ತಡೆಯುವ ಹಾಗೆ ಏನಾದರೂ ದಾರಿ ಹೇಳಿ ಗಿರಿಜಕ್ಕ' ಅಂತ ಕೇಳಿದ್ದೀಯ. ಹೇಳುತ್ತೇನೆ. ಇವತ್ತಿನಿಂದ ನಿನ್ನ ಹೊಟ್ಟೆ ನನ್ನ ಜವಾಬ್ದಾರಿ. ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು ನಾನು, ನಮ್ಮ ಯಜಮಾನರ ಹೊಟ್ಟೆಯನ್ನು ನಲವತ್ತು ವರ್ಷ ಸಂಭಾಳಿಸಿದವಳು. ನಿನ್ನದೊಂದು ಯಾವ ದೊಡ್ಡದು?

ಎರಡು ಮಾತು ಮಾತ್ರ ಈಗಲೇ. ಒಂದು, ಮಂಗಳೂರಿಗೆ ಹೋಗಿ, ಹುಣ್ಣಿಗೆ ಮದ್ದು ಕೊಟ್ಟ ಆ ಡಾಕ್ಟರಮ್ಮನನ್ನು ಬಾಯಿಬಿಟ್ಟು ಕೇಳು. ಅವರು ಬೇಡ ಅಂದರೆ ನಾನೂ ಬೇಡ ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಎರಡು, ಆ ಕಪ್ಪು ಬೆಲ್ಲದ ಕಾಫಿ. ದಿನಕ್ಕೆ ಐದು ಸಲ ಕುಡಿಯುತ್ತೀಯ, ಗೊತ್ತು ನನಗೆ. ಈಗಿನಿಂದಲೇ ಒಂದೊಂದಾಗಿ ಬಿಡು. ಇಲ್ಲದಿದ್ದರೆ ನೋಂಬಿನ ಮೊದಲ ದಿನವೇ ತಲೆ ಸಿಡಿಯುತ್ತದೆ, ಅದನ್ನು ನೀನು ಹೊಟ್ಟೆಯ ಮೇಲೆ ಹಾಕುತ್ತೀಯ.

ಈ ಕಾಗದವನ್ನು ಕಳಸದ ಬಸ್ಸಿನ ಕಂಡಕ್ಟರ್ ಸುರೇಂದ್ರನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು. ಅಂಚೆಯವರಿಗಿಂತ ಬೇಗ ತರುತ್ತಾನೆ.

ನಿನ್ನ
ಗಿರಿಜಕ್ಕ

●

ಕಳಸ
೨೬ ಜನವರಿ ೨೦೨೫

ಗಿರಿಜಕ್ಕನಿಗೆ ಹಲಿಮಾಳ ಸಲಾಂ.

ಬೈಗುಳ ಓದಿ ಮನಸ್ಸು ಹಗುರಾಯಿತು. ನಮ್ಮವರು ಹೋದ ಮೇಲೆ ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ಯಾರೂ ಬೈಯುವುದಿಲ್ಲ. ಬೈಸಿಕೊಳ್ಳದೆ ನನಗೆ ನಾನೇ ಹೊರಗಿನವಳ ಹಾಗೆ ಆಗಿಬಿಟ್ಟಿದ್ದೆ.

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನೌಫಲನೇ ಕರೆದುಕೊಂಡು ಹೋದ. ಬಾಯಿಗೆ ಪೈಪು ಇಳಿಸಿ ನೋಡಿದರು. ಹುಣ್ಣು ಮಾಗಿದೆಯಂತೆ. "ಮಾತ್ರೆ ಬಿಡ್ಬೇಡಿ, ಬೆಳಗಿನ ಜಾವದ ಸಹರಿ ಊಟಕ್ಕೆ ಅರ್ಧ ಗಂಟೆ ಮೊದ್ಲು ತಗೊಳ್ಳಿ. ನೋವು ಬಂತು, ವಾಂತಿ ಆಯ್ತು, ಮಲ ಕಪ್ಪಗೆ ಹೋಯ್ತು ಅಂದ್ರೆ ಆ ಕ್ಷಣಕ್ಕೆ ನೋಂಬು ಬಿಡ್ಬೇಕು, ಹಟ ಮಾಡ್ಬಾರ್ದು" ಅಂದರು. ನೌಫಲ್ ಅಲ್ಲೇ ನನ್ನ ಕಡೆ ತಿರುಗಿ "ಕೇಳಿದ್ರಲ್ಲ ಉಮ್ಮ? ಹಾಗಾದ್ರೆ ಮಾತ್ರ ನಾನು ಒಪ್ಪೋದು" ಅಂದ. ಒಪ್ಪಿದೆ.

ಮಸೀದಿಯ ಉಸ್ತಾದರನ್ನೂ ಕೇಳಿದ್ದೇನೆ. ಕಾಯಿಲೆಯವರಿಗೆ ನೋಂಬಿನ ಕಟ್ಟುಪಾಡಿಲ್ಲ, ಹಸಿದವರಿಗೆ ಊಟ ಕೊಟ್ಟರೂ ಆಗುತ್ತದೆ ಅಂದರು. ಹಾಗಿದ್ದೂ ಯಾಕೆ ಈ ಹಟ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ.

ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದದ್ದು ರಂಜಾನಿನ ಕೊನೆಯ ವಾರ. ನಮ್ಮವರು ಒಂದು ನೋಂಬನ್ನೂ ತಪ್ಪಿಸಲಿಲ್ಲ. ಸಂಜೆ ಮಸೀದಿಯಲ್ಲಿ ಬಾಂಗ್ ಕೂಗಿದಾಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ನೋಂಬು ಬಿಟ್ಟು ಒಳಗೆ ಬರುತ್ತಿದ್ದರು. "ಎಂತ ತಿಂದ್ರಿ?" ಅಂತ ಕೇಳಿದರೆ, "ಬಿರಿಯಾನಿ ಮಾರಾಯ್ತಿ, ಹೊಟ್ಟೆ ಬಿರಿಯೋ ಹಾಗೆ ತಿಂದೆ" ಅನ್ನುತ್ತಿದ್ದರು. ಅಂಗಿಯ ಮೇಲೆ ಬನ್ನಿನ ಪುಡಿ ಇರುತ್ತಿತ್ತು. ದಿನಾ ಬನ್ನು, ಟೀ. ಆಷಾಢದ ಮಳೆಯಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅದೇ ಅವರ ಕಡೆಯ ರಂಜಾನ್, ಗಿರಿಜಕ್ಕ. ಅಷ್ಟೂ ವರ್ಷ ನಾನು ಎದುರಿಗೆ ತಟ್ಟೆಯಿಟ್ಟು ಕೂರುತ್ತಿದ್ದೆ, ಕಡೆಯ ಸಲ ಮಾತ್ರ ಅವರು ಒಬ್ಬರೇ ಬೆಂಚಿನ ಮೇಲೆ ಕೂತರು. ಈ ವರ್ಷ ಪೂರ್ತಿ ಹಿಡಿದು ಮುಗಿಸಿದರೆ ಮಾತ್ರ ನನಗೆ ಸಮಾಧಾನ.

ಕಾಫಿ ಮೂರಕ್ಕೆ ಇಳಿದಿದೆ. ತಲೆ ನೋಯುತ್ತಿದೆ. ನಿಮ್ಮನ್ನು ನೆನೆಸಿಕೊಂಡು ಬೈಯುತ್ತಿದ್ದೇನೆ.

ಭಾವನವರಿಗೆ ನನ್ನ ಸಲಾಂ ಹೇಳಿ.

ನಿಮ್ಮ
ಹಲಿಮಾ

●

ವಸ್ತಾರೆ
೨೭ ಫೆಬ್ರವರಿ ೨೦೨೫

ಹಲಿಮಾ,

ಆ ಬನ್ನಿನ ವಿಷಯ ಓದಿ ನಾನು ಅತ್ತೆ. ನಮ್ಮ ಯಜಮಾನರು, ಆ ಚಂದ್ರಶೇಖರಪ್ಪ, ಅಂಗಡಿ ಬಾಗಿಲು ಹಾಕಿ ಬಂದವರು "ಯಾರ್ ಹೋದ್ರೇ?" ಅಂತ ಗಾಬರಿಯಾದರು. ಓದಿ ಹೇಳಿದೆ. ಅವರೂ ಹಳೆಯದನ್ನು ನೆನೆದರು. ಕಂಪನಿಯ ವರ್ಕ್‌ಶಾಪಿನಲ್ಲೂ ನಿನ್ನ ಯಜಮಾನರು, ನಮ್ಮ ಮೊಯ್ದಿನಣ್ಣ, ಎಲ್ಲರಿಗೂ ತಿಂಡಿ ಕೊಡಿಸಿ ತಾನು ಹೊಟ್ಟೆ ತುಂಬಿದೆ ಅನ್ನುತ್ತಿದ್ದನಂತೆ.

ಈಗ ಕೆಲಸದ ಮಾತು.

ನಿನ್ನೆ ಶಿವರಾತ್ರಿ. ಲಿಂಗಪೂಜೆ ಆಗದೆ ದಿನವೂ ಬಾಯಿಗೆ ನೀರು ಹಾಕದವಳು ನಾನು, ಉಪವಾಸ ನನಗೇನು ಹೊಸದಲ್ಲ ಅಂತ ಜಂಭ ಇತ್ತು. ಈ ಸಲ ನಿನಗಾಗಿ ನಿಮ್ಮ ಲೆಕ್ಕದಲ್ಲೇ ಮಾಡಿದೆ. ಬೆಳಕು ಹರಿಯುವ ಮೊದಲು ಪೂಜೆ ಮಾಡಿ, ಒಂದಿಷ್ಟು ತಿಂದು, ಸೂರ್ಯ ಮುಳುಗುವ ತನಕ ಹಣ್ಣು, ಹಾಲು, ನೀರು ಏನೂ ಇಲ್ಲ. ಅಯ್ಯೋ ಶಿವನೇ! ಹಸಿವು ಯಾರಿಗೆ ಬೇಕು, ಬಾಯಾರಿಕೆ ಮಾರಾಯ್ತಿ. ಮಧ್ಯಾಹ್ನ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸು ಕೈಯಾಡಿಸುವಾಗ ನಲ್ಲಿ ಸದ್ದು ಕೇಳಿದರೆ ಸಾಕು, ಕುತ್ತಿಗೆ ಅತ್ತ ತಿರುಗುತ್ತಿತ್ತು. "ಕಾಫಿ ಬೇಡ್ವಾ? ಜ್ವರ ಏನಾದ್ರೂ ಬಂತಾ?" ಅಂತ ನಮ್ಮವರು ಹಣೆ ಮುಟ್ಟಿ ನೋಡಿದರು. ಸಂಜೆ ಕತ್ತಲಾದದ್ದೇ ಎರಡು ಚೊಂಬು ನೀರು ಒಂದೇ ಉಸಿರಿಗೆ ಕುಡಿದೆ. ಹೊಟ್ಟೆ ತಮಟೆಯಾಗಿ ಅರ್ಧ ಗಂಟೆ ನರಳಿದೆ. ಅದರಿಂದ ಕಲಿತದ್ದನ್ನು ಬರೆಯುತ್ತೇನೆ, ತಪ್ಪದೆ ಮಾಡು.

ಸಹರಿಗೆ ಕುಚ್ಚಲಕ್ಕಿ ಅನ್ನ, ಮೊಸರು, ಬೇಯಿಸಿದ ಸೊಪ್ಪೋ ಸೌತೆಕಾಯಿಯೋ, ಒಂದು ಬಾಳೆಹಣ್ಣು. ಉಪ್ಪಿನಕಾಯಿ ಇಲ್ಲ, ಉಪ್ಪು ಹೆಚ್ಚಾದರೆ ಹಗಲೆಲ್ಲ ಗಂಟಲು ಒಣಗುತ್ತದೆ. ತಿಂದವಳೇ ಹಾಸಿಗೆಗೆ ಬೀಳಬೇಡ. ನಮಾಜು ಮುಗಿಸಿ ಅಂಗಳದಲ್ಲಿ ನಾಲ್ಕು ಸುತ್ತು ಹಾಕು, ಹುಳಿ ಮೇಲಕ್ಕೆ ಬರುವುದಿಲ್ಲ. ಸಂಜೆ ಖರ್ಜೂರ, ಒಂದೇ ಲೋಟ ನೀರು, ಅದೂ ಗುಟುಕು ಗುಟುಕಾಗಿ. ಆಮೇಲೆ ಮೆಂತೆ ಗಂಜಿ, ಕಾಯಿಹಾಲು ಹಾಕಿ ನೀನು ಮಾಡುತ್ತಿದ್ದೆಯಲ್ಲ, ಅದೇ. ಊಟ ತಡವಾಗಿ, ಸ್ವಲ್ಪ. ಮಲಗುವ ತನಕ ಆಗಾಗ ನೀರು. ಖಾಲಿ ಹೊಟ್ಟೆಗೆ ಟೀ ಕಾಫಿ ಹಾಕಿದೆ ಅಂತ ಗೊತ್ತಾದರೆ ಕಳಸಕ್ಕೇ ಬಂದು ಲೋಟ ಕಿತ್ತುಕೊಳ್ಳುತ್ತೇನೆ.

ಸುರೇಂದ್ರನ ಹತ್ತಿರ ಒಂದು ಡಬ್ಬಿ ಕೊಟ್ಟಿದ್ದೇನೆ. ಮೆಂತೆ, ಜೀರಿಗೆ ನಿನಗೆ. ಕರಿದ ಸಂಡಿಗೆ, ಹಪ್ಪಳ ಮನೆಯವರಿಗೆ.

ಹೆದರಬೇಡ. ಆಗಿಯೇ ಆಗುತ್ತದೆ.

ಗಿರಿಜಕ್ಕ

●

ಕಳಸ
೬ ಮಾರ್ಚ್ ೨೦೨೫

ಗಿರಿಜಕ್ಕನಿಗೆ ಸಲಾಂ.

ಭಾನುವಾರದಿಂದ ನೋಂಬು ಶುರುವಾಯಿತು. ಎಲ್ಲ ನೀವು ಹೇಳಿದ ಹಾಗೆಯೇ ನಡೆಯುತ್ತಿದೆ. ಸಹರಿಗೆ ಮೊಸರನ್ನ, ಬಾಳೆಹಣ್ಣು. ಮಾತ್ರೆ ತಪ್ಪಿಲ್ಲ. ಕಾಫಿ ಇಲ್ಲ. ಸಂಜೆ ಸ್ವಲ್ಪ ಉರಿ ಅಷ್ಟೆ. ಹೆಚ್ಚು ಬರೆಯಲು ಪುರುಸೊತ್ತಿಲ್ಲ, ಬಸ್ಸು ಹೊರಡುತ್ತಿದೆ.

ಹಲಿಮಾ

●

ವಸ್ತಾರೆ
೮ ಮಾರ್ಚ್ ೨೦೨೫

ಹಲಿಮಾ,

'ಸ್ವಲ್ಪ ಉರಿ ಅಷ್ಟೆ' ಅಂದರೆ ಏನು? ಎಷ್ಟು ಹೊತ್ತಿಗೆ? ಏನು ತಿಂದ ಮೇಲೆ? ಮೊಸರು ಹುಳಿಯಾಗಿರಬೇಕು. ಮೊಸರು ನಿಲ್ಲಿಸು, ಹಾಲು ಹಾಕಿಕೋ. ಬಾಳೆಹಣ್ಣು ಯಾವುದು? ಪುಟ್ಟಬಾಳೆಯಾದರೆ ಪರವಾಗಿಲ್ಲ. ತಕ್ಷಣ ಬರೆ.

ಗಿರಿಜಕ್ಕ

●

ವಸ್ತಾರೆ
೧೭ ಮಾರ್ಚ್ ೨೦೨೫

ಹಲಿಮಾ,

ಸುರೇಂದ್ರ ದಿನಾ ಬರಿಗೈಯಲ್ಲಿ ಬರುತ್ತಾನೆ. "ಇಲ್ಲಮ್ಮ, ಇವತ್ತೂ ಕೊಟ್ಟಿಲ್ಲ" ಅನ್ನುವುದು ಅವನಿಗೆ ಬಾಯಿಪಾಠವಾಗಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅವನ ಮೇಲೆ ರೇಗಿದೆ, ಪಾಪ.

ನೀನು ಬರೆಯದೆ ಇದ್ದೀ ಅಂದರೆ ಹೊಟ್ಟೆ ಕೆಟ್ಟಿದೆ. ಹೋದ ವರ್ಷವೂ ಹೀಗೆಯೇ ಬಾಯಿ ಮುಚ್ಚಿಕೊಂಡು ಕೂತು ಹುಣ್ಣು ಮಾಡಿಕೊಂಡೆ. ನನಗೆ ಕೋಪ ಬಂದಿದೆ, ಅದಕ್ಕಿಂತ ಹೆಚ್ಚು ಭಯವಾಗಿದೆ. ಈ ಕಾಗದಕ್ಕೂ ಉತ್ತರ ಬಾರದಿದ್ದರೆ ನೌಫಲನಿಗೇ ಫೋನು. ಗುಟ್ಟು ಗಿಟ್ಟು ಏನೂ ನೋಡುವುದಿಲ್ಲ.

ಗಿರಿಜಕ್ಕ

●

ಕಳಸ
೧೮ ಮಾರ್ಚ್ ೨೦೨೫

ಗಿರಿಜಕ್ಕ,

ನಿಮ್ಮ ಭಯ ನಿಜ. ಎರಡು ನೋಂಬು ಮುರಿದವು. ಮೊದಲ ಸಲ ಶುಕ್ರವಾರ, ಆಮೇಲೆ ಭಾನುವಾರ. ಮಧ್ಯಾಹ್ನ ಎದೆಗೂಡಿನ ಕೆಳಗೆ ಹಿಡಿದುಕೊಂಡಿತು. ಡಾಕ್ಟರಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ, ಸೊಸೆ ಅಸ್ಮಾಳನ್ನು ಕರೆದು ನೀರು ಕೇಳಿದೆ. ಆ ಲೋಟ ಬಾಯಿಗಿಟ್ಟಾಗ ಆದ ಸಂಕಟ ಹೊಟ್ಟೆನೋವಿಗಿಂತ ದೊಡ್ಡದು. ನೌಫಲ್ ಸೋಮವಾರವೇ ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ಹುಣ್ಣು ತಿರುಗಿ ಬಂದಿಲ್ಲ, ತಿಂದದ್ದು ಸರಿಯಿಲ್ಲ ಅಂದರು ಡಾಕ್ಟರಮ್ಮ. ಎರಡು ದಿನ ಬಿಟ್ಟು, ನೋವಿಲ್ಲದಿದ್ದರೆ ಹಿಡಿಯಬಹುದಂತೆ. ನೌಫಲ್ ಮಾತ್ರ, "ಇನ್ನೊಂದು ದಿನ ನೋವು ಬಂದ್ರೆ ಈ ವರ್ಷದ್ದು ಮುಗೀತು ಉಮ್ಮ, ಆಮೇಲೆ ನನ್ನ ಹತ್ರ ಮಾತಾಡ್ಬೇಡಿ" ಅಂದ. ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು.

ನಿಮಗೆ ಹೇಳಲು ನಾಚಿಕೆಯಾಗಿ ಬರೆಯಲಿಲ್ಲ. ನಿಮ್ಮ ಮೊಸರಿನಲ್ಲಿ ತಪ್ಪಿಲ್ಲ, ಗಿರಿಜಕ್ಕ. ತಪ್ಪು ತಟ್ಟೆಗಳದ್ದು.

ನಮ್ಮ ಕೇರಿಯಲ್ಲಿ ಈಗ ಹಿರಿಯಳು ನಾನು. ಸಂಜೆಯ ಮೊದಲ ತಟ್ಟೆ ಎಲ್ಲ ಮನೆಯಿಂದಲೂ ನನಗೇ ಬರುತ್ತದೆ. ಸಮೋಸ, ಕಟ್ಲೆಟ್, ಈರುಳ್ಳಿ ಬಜೆ, ಬಾಳೆಹಣ್ಣಿನ ಪೋಡಿ, ಎಲ್ಲ ಎಣ್ಣೆಯಲ್ಲಿ ಕರಿದದ್ದೇ. ಮೊದಲೂ ಬರುತ್ತಿತ್ತು, ನಮ್ಮವರೇ ತಿಂದು ಮುಗಿಸುತ್ತಿದ್ದರು. ಈ ವರ್ಷ ಅವರಿಲ್ಲ ಅನ್ನುವ ಮರುಕಕ್ಕೆ ಎರಡರಷ್ಟು ಬರುತ್ತಿದೆ. ತಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ಪಕ್ಕದ ಮನೆಯ ಐಸಮ್ಮ, "ಮೊಯ್ದಿನಾಕನಿಗೆ ನನ್ನ ಪೋಡಿ ಅಂದ್ರೆ ಜೀವ ಇತ್ತು. ನೀವಾದ್ರೂ ಒಂದು ತಿನ್ನಿ ಉಮ್ಮ" ಅಂತ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾಳೆ. ಹೇಗೆ ಬೇಡ ಅನ್ನಲಿ? ಒಂದೊಂದು ಮನೆಯದು ಒಂದೊಂದು ತಿಂದರೂ ಗಂಜಿಗೆ ಜಾಗ ಉಳಿಯುವುದಿಲ್ಲ. ನನಗೆ ಹೊಟ್ಟೆ ಸರಿಯಿಲ್ಲ ಅಂತ ಕೇರಿಯಲ್ಲಿ ಹೇಳಿದರೆ, ಹಾಗಾದರೆ ನೋಂಬು ಯಾಕೆ ಅಂತ ಅವರೂ ಶುರು ಮಾಡುತ್ತಾರೆ.

ಇನ್ನೊಂದು ಮಾತು, ಕೋಪ ಮಾಡಬೇಡಿ. ನಿಮ್ಮ ಸಂಡಿಗೆ, ಹಪ್ಪಳವೂ ಆ ತಟ್ಟೆಗಳ ಪಕ್ಕದಲ್ಲೇ ಇತ್ತು. ನೀವು ಕಳಿಸಿದ್ದು ಅಂತ ಅದನ್ನೂ ತಿಂದೆ.

ಹಲಿಮಾ

●

ವಸ್ತಾರೆ
೧೯ ಮಾರ್ಚ್ ೨೦೨೫

ಹಲಿಮಾ,

ಸಂಡಿಗೆಯ ಮಾತು ಓದಿ ನಮ್ಮವರು ಬಿದ್ದು ಬಿದ್ದು ನಕ್ಕರು. "ಡಾಕ್ಟ್ರಾಗಿ ಔಷಧಿ ಜೊತೆ ಕಾಯ್ಲೆನೂ ಕಳಿಸಿದ್ಯಲ್ಲೇ!" ಅಂದರು. ನಗಲಿ. ನಾನು ಕ್ವಾರ್ಟರ್ಸಿನಲ್ಲಿ ನಿಮ್ಮ ಇಫ್ತಾರಿಗೆ ಬುಟ್ಟಿಗಟ್ಟಲೆ ಮೆಣಸಿನಕಾಯಿ ಬಜ್ಜಿ ಕರಿದು ಗೋಡೆಯ ಮೇಲಿಂದ ದಾಟಿಸುತ್ತಿದ್ದವಳು. ನಾನೂ ಐಸಮ್ಮನೇ.

ತಟ್ಟೆಗೆ ಬೇಡ ಅನ್ನಲಾಗುವುದಿಲ್ಲ, ಒಪ್ಪಿದೆ. ಅದಕ್ಕೆ ಬೇಡ ಅನ್ನಬೇಡ. ಅವರಿಗಿಂತ ಮೊದಲು ನೀನೇ ಕಳಿಸು. ಕೇರಿಗೆ ಹಿರಿಯಳು ಅಂತ ಬಾಯಲ್ಲಿ ಹೇಳಿದರೆ ಸಾಲದು, ಹಿರಿಯರು ಬಡಿಸಬೇಕು.

ಬಸ್ಸಿನಲ್ಲಿ ನನ್ನ ಹಿತ್ತಾಳೆ ಕೊಳಗ ಬರುತ್ತಿದೆ. ಕಾಲೊನಿಯ ಗಣೇಶನ ಹಬ್ಬಕ್ಕೆ ಪಾನಕ ಕಲಸುತ್ತಿದ್ದೆವಲ್ಲ, ಅದೇ. ಹೊಸದಾಗಿ ಕಲಾಯಿ ಹಾಕಿಸಿದ್ದೇನೆ. ಅದಕ್ಕೂ ಅರ್ಧ ಟಿಕೆಟ್ ಕೊಡಿ ಅಂದ ಸುರೇಂದ್ರ, ನಾನು ರೇಗಿದ್ದರ ಸೇಡು ತೀರಿಸಿಕೊಂಡ. ಕೊಳಗದ ತುಂಬ ಮೆಂತೆ ಗಂಜಿ ಮಾಡು. ಅಸ್ಮಾ ಕಾಯಿ ತುರಿಯಲಿ. ಸಂಜೆ ಅವರ ಬಾಣಲೆ ಒಲೆಯ ಮೇಲೆ ಏರುವ ಮೊದಲೇ ಕೇರಿಯ ಹೆಂಗಸರಿಗೆಲ್ಲ ಹೇಳಿಕಳಿಸು, 'ನಮ್ಮ ಯಜಮಾನರ ಹೆಸರಿನ ಗಂಜಿ, ಎಲ್ಲರೂ ನನ್ನ ಅಂಗಳದಲ್ಲೇ ನೋಂಬು ಬಿಡಬೇಕು' ಅಂತ. ಮೊಯ್ದಿನಣ್ಣನ ಹೆಸರು ಹೇಳಿದರೆ ಯಾವಳು ಇಲ್ಲ ಅನ್ನುತ್ತಾಳೆ ನೋಡುತ್ತೇನೆ. ತಂದ ಪೋಡಿ, ಬಜೆ ಪಕ್ಕದಲ್ಲಿರಲಿ. ಮೊದಲು ಎಲ್ಲರ ಬಾಯಿಗೂ ಗಂಜಿ. ಆಮೇಲೆ ಕರಿದದ್ದನ್ನು ಮಕ್ಕಳು ಬಿಡುತ್ತಾರೆಯೇ?

ಅಳುವುದು ಸಾಕು. ಕೊಳಗ ಇಳಿಸಿಕೋ.

ಗಿರಿಜಕ್ಕ

●

ಕಳಸ
೧ ಏಪ್ರಿಲ್ ೨೦೨೫

ಗಿರಿಜಕ್ಕನಿಗೆ ಹಬ್ಬದ ಸಲಾಂ.

ನಿನ್ನೆ ನಮ್ಮ ಈದ್ ಪೆರ್ನಾಲ್, ಅದರ ಹಿಂದಿನ ದಿನ ನಿಮ್ಮ ಯುಗಾದಿ. ನೀವು ಕಳಿಸಿದ ಬೇವು ಬೆಲ್ಲ ನೋಂಬು ಬಿಟ್ಟ ಮೇಲೆ ತಿಂದೆ. ನೌಫಲ್ ಬೆಲ್ಲ ಮಾತ್ರ ಆರಿಸಿ ತಿಂದ, ಚಿಕ್ಕವನಿದ್ದಾಗಿನ ಹಾಗೆಯೇ.

ಕೊಳಗ ಬಂದ ದಿನ ಇಡೀ ಕೇರಿ ನೋಡಲು ಬಂದಿತ್ತು. ಮೊದಲ ಸಂಜೆ ಹೆಂಗಸರೆಲ್ಲ ಬಟ್ಟಲು ಹಿಡಿದು ಅಂಗಳಕ್ಕೆ ಬಂದರು, ಜೊತೆಗೆ ತಟ್ಟೆಗಳೂ ಬಂದವು. ಬಾಂಗ್ ಆಯಿತು. ಖರ್ಜೂರ, ನೀರು, ಗಂಜಿ. ಎರಡನೇ ಬಟ್ಟಲು ಮುಗಿಸಿದ ಐಸಮ್ಮ ಹೊಟ್ಟೆ ಸವರಿಕೊಂಡು, "ಸತ್ಯ ಹೇಳ್ತೇನೆ ಉಮ್ಮ, ನಂಗೂ ದಿನಾ ಎದೆ ಉರೀತಿತ್ತು. ಕರಿಯೋದು ಬಿಟ್ರೆ ನೀವೆಲ್ಲ ಎಂತ ಅಂದ್ಕೊಳ್ತೀರೋ ಅಂತ ಕರೀತಿದ್ದೆ" ಅಂದಳು. ಒಬ್ಬಳು ಬಾಯಿಬಿಟ್ಟಳು ನೋಡಿ, ಮತ್ತೆ ಎಲ್ಲರೂ! ಒಬ್ಬಳಿಗೆ ಹುಳಿತೇಗು, ಒಬ್ಬಳಿಗೆ ಮಲಬದ್ಧತೆ, ಇನ್ನೊಬ್ಬಳು ಗಂಡನಿಗೆ ಗೊತ್ತಾಗದ ಹಾಗೆ ಗ್ಯಾಸಿನ ಮಾತ್ರೆ ನುಂಗುತ್ತಿದ್ದಳಂತೆ. ನಾನೂ ಹುಣ್ಣಿನ ಕಥೆ ಹೇಳಿದೆ. ಯಾರೂ ನೋಂಬು ಬಿಡು ಅನ್ನಲಿಲ್ಲ. ಮರುದಿನ ಐಸಮ್ಮನೇ ಬಂದು ಸೌದೆ ಒಟ್ಟಿದಳು. ಸಮೋಸ ವಾರಕ್ಕೊಮ್ಮೆಗೆ ಇಳಿಯಿತು.

ಅಲ್ಲಿಂದಾಚೆ ಒಂದು ದಿನವೂ ನೋವಿಲ್ಲ. ಕಡೆಯ ನೋಂಬಿನ ಸಂಜೆ ಮಸೀದಿಯಿಂದ ಬಂದ ನೌಫಲ್ ಕೊಳಗದ ತಳ ಕೆರೆದು ಉಳಿದ ಗಂಜಿ ತಿಂದ. "ಗೆದ್ರಿ ಉಮ್ಮ" ಅಂದ.

ಇನ್ನೂ ಗೆದ್ದಿಲ್ಲ. ತಪ್ಪಿದ ನೋಂಬುಗಳನ್ನು ಹಿಡಿದು ತೀರಿಸಬೇಕು. ಈ ತಿಂಗಳೇ ಮುಗಿಸುತ್ತೇನೆ.

ನಿಮ್ಮ
ಹಲಿಮಾ

●

ಕಳಸ
೧೬ ಏಪ್ರಿಲ್ ೨೦೨೫

ಗಿರಿಜಕ್ಕ,

ಇವತ್ತಿಗೆ ಎಲ್ಲ ತೀರಿತು. ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ಘಮ. ಕೇರಿಯಲ್ಲಿ ಬೇರೆ ಯಾರಿಗೂ ನೋಂಬಿಲ್ಲ, ಅಂಗಳದಲ್ಲಿ ನಾನೊಬ್ಬಳೇ. ಕೊಳಗ ತೊಳೆದು ಬೋರಲು ಹಾಕಿದ್ದೇನೆ.

ಒಂದು ವಿಷಯ ನಿಮಗೆ ಹೇಳದೆ ಮಾಡಿದೆ. ಮಧ್ಯಾಹ್ನವೇ ನೌಫಲನ ಹತ್ತಿರ ಬೇಕರಿಯಿಂದ ಒಂದು ಬನ್ನು ತರಿಸಿಟ್ಟಿದ್ದೆ. ಯಾಕೆ ಅಂತ ಅವನು ಕೇಳಲಿಲ್ಲ. ಬಾಂಗ್ ಆದಾಗ ಖರ್ಜೂರ ತಿಂದು, ನೀರು ಕುಡಿದು, ಹೊರಗೆ ಜಗಲಿಯ ಬೆಂಚಿನ ಮೇಲೆ ಕೂತು ಬನ್ನನ್ನು ಟೀಯಲ್ಲಿ ಅದ್ದಿ ತಿಂದೆ. ಗಂಜಿ ಇಲ್ಲ. ಬರೀ ಬನ್ನು, ಟೀ. ಅವರು ತಿಂದ ಹಾಗೆಯೇ, ಪೂರ್ತಿ.

ಅಸ್ಮಾ ಒಳಗಿನಿಂದ "ಎಂತ ತಿಂದ್ರಿ ಉಮ್ಮ?" ಅಂತ ಕೇಳಿದಳು. "ಬಿರಿಯಾನಿ" ಅಂದೆ.

ಹೊಟ್ಟೆ ಏನೂ ಅನ್ನಲಿಲ್ಲ, ಗಿರಿಜಕ್ಕ.

ನಿಮ್ಮ
ಹಲಿಮಾ

●

ವಸ್ತಾರೆ
೧೮ ಏಪ್ರಿಲ್ ೨೦೨೫

ಹಲಿಮಾ,

ಖಾಲಿ ಹೊಟ್ಟೆಗೆ ಟೀ ಕುಡಿದದ್ದಕ್ಕೆ ನಿನ್ನನ್ನು ಬೈಯಲೇಬೇಕು. ಕಾಗದದಲ್ಲಿ ಬೈದರೆ ಸಾಲದು. ಭಾನುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಟು ಬರುತ್ತಿದ್ದೇವೆ. ಕೊಳಗ ಅಲ್ಲೇ ಇರಲಿ, ಮುಂದಿನ ವರ್ಷಕ್ಕೆ ಬೇಕು.

ಜಗಲಿಯ ಬೆಂಚು ಒರೆಸಿಡು. ಮೂರು ಬನ್ನು ತರಿಸು.

ಗಿರಿಜಕ್ಕ